ಕಾಯಿದೆ, ಬೊಕ್ಕಸ ಮತ್ತು ಮನೆಯ ಲೆಕ್ಕ

ಪ್ರತಿ ತಿಂಗಳ ಮೊದಲಲ್ಲಿ ಮನೆಯ ಜಮಾಖರ್ಚನ್ನು ಬರೆದಿಡುವ ಪದ್ಧತಿಯುಳ್ಳ ಗೃಹಸ್ಥರು ಒಂದು ಸಂಗತಿಯನ್ನು ಅನುಭವದಿಂದ ಬಲ್ಲರು. ಅಕ್ಕಿ, ಬೇಳೆ, ಎಣ್ಣೆ, ಹಾಲು, ಬಾಡಿಗೆ ಇವುಗಳ ವೆಚ್ಚವು ಹೆಚ್ಚಿದರೂ ತಗ್ಗಿದರೂ ಅದನ್ನು ಸ್ವಲ್ಪಮಟ್ಟಿಗೆ ಮುಂದಾಗಿ ಊಹಿಸಬಹುದು. ಬಟ್ಟೆಬರೆಯನ್ನು ಮುಂದಿನ ಹಬ್ಬದವರೆಗೆ ತಡೆಯಬಹುದು. ಮನೆಗೆ ಸುಣ್ಣಬಣ್ಣ ಮಾಡಿಸುವುದನ್ನು ಒಂದು ವರ್ಷ ಮುಂದಕ್ಕೆ ಹಾಕಬಹುದು. ಆದರೆ ಎರಡು ವೆಚ್ಚಗಳು ಮಾತ್ರ ನಮ್ಮ ಅನುಕೂಲವನ್ನು ಕೇಳಿಕೊಂಡು ಬರುವುದಿಲ್ಲ. ಬೆಳೆದ ಮಕ್ಕಳ ವಿದ್ಯಾಭ್ಯಾಸದ ವೆಚ್ಚವು ಒಂದು. ಮನೆಯವರ ರೋಗರುಜಿನಗಳ ವೆಚ್ಚವು ಮತ್ತೊಂದು. ಇದ್ದ ಹೊಲವನ್ನು ಮಾರಿದವರನ್ನೂ, ಮಡದಿಯ ಒಡವೆಯನ್ನು ಅಡವಿಟ್ಟವರನ್ನೂ ವಿಚಾರಿಸಿ ನೋಡಿದರೆ, ಅನೇಕ ವೇಳೆ ಕಾರಣವು ಈ ಎರಡರಲ್ಲಿ ಒಂದಾಗಿರುವುದು ಕಂಡುಬರುತ್ತದೆ.

ಈ ಎರಡು ವೆಚ್ಚಗಳೂ ನಮ್ಮ ಮನೆಯೊಳಗೇ ನಿರ್ಧಾರವಾಗುತ್ತವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅದು ಪೂರ್ತಿ ನಿಜವಲ್ಲ. ಅವುಗಳ ಬಹುಭಾಗವು ಬೆಂಗಳೂರಿನ ವಿಧಾನಸೌಧದಲ್ಲಿ ನಿರ್ಧಾರವಾಗುತ್ತದೆ. ವರ್ಷಕ್ಕೊಮ್ಮೆ ಅಲ್ಲಿ ಆಯವ್ಯಯಪತ್ರವನ್ನು ಓದಿದ ಮರುದಿನ ನಾವು ಪತ್ರಿಕೆಯನ್ನು ತೆರೆದು ಯಾವ ಪದಾರ್ಥದ ಬೆಲೆ ಏರಿತು, ಯಾವುದರದು ಇಳಿಯಿತು ಎಂಬಷ್ಟನ್ನು ನೋಡಿ ಮಡಿಸಿಡುತ್ತೇವೆ. ವಿಶ್ವವಿದ್ಯಾನಿಲಯಕ್ಕೆ ಎಷ್ಟು, ಆಸ್ಪತ್ರೆಗೆ ಎಷ್ಟು ಎಂಬ ಸಾಲುಗಳು ಸರ್ಕಾರದ ವಿಷಯವೆಂದು ಬಿಟ್ಟುಬಿಡುತ್ತೇವೆ. ಆ ಸಾಲುಗಳೇ ಕೆಲವು ತಿಂಗಳ ಮೇಲೆ ಶುಲ್ಕದ ರಶೀತಿಯಾಗಿ, ಔಷಧದ ಅಂಗಡಿಯ ಚೀಟಿಯಾಗಿ ನಮ್ಮ ಮನೆಗೆ ಬರುತ್ತವೆಂಬುದನ್ನು ವಾಚಕರಿಗೆ ತೋರಿಸಿಕೊಡಬೇಕೆಂಬುದೇ ಈ ಲೇಖನದ ಉದ್ದೇಶ.

ವಿಷಯವು ಸ್ಪಷ್ಟವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರು. ಮನೆಯ ಯಜಮಾನರಿಗೆ ಸಣ್ಣದೊಂದು ಕಿರಾಣಿ ಅಂಗಡಿಯಿದೆ. ಹಿರಿಯ ಮಗಳು ಬಿ.ಎಸ್‌ಸಿ. ಮುಗಿಸಿ ಎಂ.ಎಸ್‌ಸಿ. ಓದಬೇಕೆಂದಿದ್ದಾಳೆ. ಕಿರಿಯ ಮಗನು ಪಿ.ಯು.ಸಿ. ತರಗತಿಯಲ್ಲಿದ್ದು, ವೈದ್ಯನಾಗಬೇಕೆಂದು ಹಂಬಲಿಸುತ್ತಾನೆ. ಯಜಮಾನರ ವೃದ್ಧ ತಾಯಿಗೆ ಸಕ್ಕರೆ ಕಾಯಿಲೆ, ಮಾತ್ರೆ ತಪ್ಪುವಂತಿಲ್ಲ. ಇಂತಹ ಸಂಸಾರಗಳು ನಮ್ಮ ನಾಡಿನ ಪ್ರತಿಯೊಂದು ಬೀದಿಯಲ್ಲಿಯೂ ಇವೆ. ಈ ಮೂವರ ಪಾಡು ಕಾಯಿದೆಗೂ ಬೊಕ್ಕಸಕ್ಕೂ ಹೇಗೆ ಕಟ್ಟುಬಿದ್ದಿದೆಯೆಂಬುದನ್ನು ನೋಡೋಣ.

ಮೊದಲು ಕಾಯಿದೆಗೂ ಬಜೆಟ್ಟಿಗೂ ಇರುವ ಭೇದವನ್ನು ತಿಳಿಯಬೇಕು. ಕಾಯಿದೆಯು ಒಂದು ಸಂಸ್ಥೆಗೆ ಹುಟ್ಟನ್ನೂ ಹೆಸರನ್ನೂ ಅಧಿಕಾರವನ್ನೂ ಕೊಡುತ್ತದೆ. ಅದಕ್ಕೆ ವರ್ಷವರ್ಷವೂ ಅನ್ನವಿಡುವುದು ಬಜೆಟ್ಟು. ಒಮ್ಮೆ ಜಾರಿಗೆ ಬಂದ ಕಾಯಿದೆಯು ರದ್ದಾಗುವವರೆಗೂ ಬದುಕಿರುತ್ತದೆ. ಬಜೆಟ್ಟಿನ ಆಯುಸ್ಸಾದರೋ ಏಪ್ರಿಲ್ 1ರಿಂದ ಮುಂದಿನ ಮಾರ್ಚಿ 31ರವರೆಗೆ ಮಾತ್ರ. ಆ ದಿನದೊಳಗೆ ವೆಚ್ಚವಾಗದ ಅನುದಾನವು ಸಾಮಾನ್ಯವಾಗಿ ಬೊಕ್ಕಸಕ್ಕೆ ಹಿಂದಿರುಗುತ್ತದೆ. ವರ್ಷದ ಕೊನೆಯ ತಿಂಗಳಲ್ಲಿ ಸರ್ಕಾರಿ ಕಚೇರಿಗಳಲ್ಲಿ ಬಿಲ್ಲುಗಳ ಗಡಿಬಿಡಿ ಕಾಣುವುದು ಇದರಿಂದಲೇ. ಹನ್ನೊಂದು ತಿಂಗಳು ಕಾದ ಪ್ರಯೋಗಶಾಲೆಯ ಉಪಕರಣವನ್ನು ಒಂದೇ ವಾರದಲ್ಲಿ ಕೊಳ್ಳಬೇಕಾದಾಗ ಅದು ಸರಿಯಾದ ಉಪಕರಣವೋ ಅಲ್ಲವೋ ಎಂದು ಪರೀಕ್ಷಿಸುವ ಸಾವಧಾನವು ಯಾರಿಗೂ ಇರುವುದಿಲ್ಲ.

ನಮ್ಮ ಸಂವಿಧಾನದ 202ನೆಯ ಅನುಚ್ಛೇದದಂತೆ ಸರ್ಕಾರವು ವಾರ್ಷಿಕ ಆಯವ್ಯಯದ ವಿವರವನ್ನು ಶಾಸನಸಭೆಯ ಮುಂದಿಡಬೇಕು. ಅನಂತರ ಒಂದೊಂದು ಇಲಾಖೆಯ ಬೇಡಿಕೆಯನ್ನೂ ವಿಧಾನಸಭೆಯು ವಿಚಾರಿಸುತ್ತದೆ. ಸಭೆಯು ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೆ ಕಡಿಮೆಮಾಡಬಹುದು, ಹೆಚ್ಚಿಸುವ ಅಧಿಕಾರವಿಲ್ಲ. ಸಾಲದ ಬಡ್ಡಿಯಂತಹ ಕೆಲವು ವೆಚ್ಚಗಳನ್ನು ಚರ್ಚಿಸಬಹುದಾದರೂ ಅವುಗಳ ಮೇಲೆ ಮತ ಹಾಕುವಂತೆಯೇ ಇಲ್ಲ. ಅವು ಮೊದಲು ಸಲ್ಲತಕ್ಕವು. ಇಲ್ಲಿ ಓದುಬಲ್ಲವರು ಗಮನಿಸಬೇಕಾದ ಒಂದು ವಿಶೇಷವೂ ಉಂಟು. ಪದವೀಧರರೂ ಅಧ್ಯಾಪಕರೂ ಪ್ರತ್ಯೇಕ ಕ್ಷೇತ್ರಗಳಿಂದ ತಮ್ಮ ಪ್ರತಿನಿಧಿಗಳನ್ನು ವಿಧಾನಪರಿಷತ್ತಿಗೆ ಕಳುಹಿಸುತ್ತಾರೆ. ಆದರೆ ಅನುದಾನದ ಬೇಡಿಕೆಗಳ ಮೇಲೆ ಮತ ಕೊಡುವ ಹಕ್ಕು ವಿಧಾನಸಭೆಗೆ ಮಾತ್ರವಿದೆ, ಪರಿಷತ್ತಿಗಿಲ್ಲ. ಆದುದರಿಂದ ವಿಶ್ವವಿದ್ಯಾನಿಲಯದ ಹಣದ ವಿಷಯವನ್ನು ಪದವೀಧರರ ಪ್ರತಿನಿಧಿಗಳೇ ನೋಡಿಕೊಳ್ಳುವರೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಊರಿನ ಶಾಸಕರನ್ನೇ ಕೇಳಬೇಕು.

ಕಾಯಿದೆಯೂ ಹಣವೂ ಜೊತೆಯಾಗಿ ನಡೆದಾಗ ಏನಾಗಬಲ್ಲುದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳುಂಟು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಸ್ತಿಭಾರವನ್ನಿಟ್ಟು, 1900ನೆಯ ಡಿಸೆಂಬರಿನಲ್ಲಿ ಅದನ್ನು ತೆರೆದರು. 1916ನೆಯ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕಾಯಿದೆಯು ಅಂಗೀಕಾರವಾಯಿತು; ಅದೇ ತಿಂಗಳು ವಿಶ್ವವಿದ್ಯಾನಿಲಯವು ಆರಂಭವಾಯಿತು. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಾಧಿಪತಿಗಳು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್. ವಿ. ನಂಜುಂಡಯ್ಯನವರು ಮೊದಲನೆಯ ಉಪಕುಲಪತಿಗಳು. ಅದಕ್ಕೆ ಮುಂಚೆ ಮೈಸೂರಿನ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂರಬೇಕಾಗಿತ್ತು. ಹೊಸ ವಿಶ್ವವಿದ್ಯಾನಿಲಯವು ಬರಿಯ ಹೆಸರಾಗಿ ಹುಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದಾಗಲೇ ಅಧ್ಯಾಪಕರೊಡನೆ, ಕಟ್ಟಡಗಳೊಡನೆ ನಡೆಯುತ್ತಿದ್ದವು. 1924ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ಆಸ್ಪತ್ರೆ, ಕಾಲೇಜು, ವಿಶ್ವವಿದ್ಯಾನಿಲಯ ಇವು ಮೂರೂ ಒಂದನ್ನೊಂದು ಆಧರಿಸಿ ಬೆಳೆದವು.

ಅತ್ತ ಉತ್ತರ ಕರ್ನಾಟಕದ ಮಕ್ಕಳು ಮುಂಬಯಿ ವಿಶ್ವವಿದ್ಯಾನಿಲಯವನ್ನು ನೆಚ್ಚಬೇಕಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತಾದರೂ, ಸ್ವಂತ ವಿಶ್ವವಿದ್ಯಾನಿಲಯಕ್ಕೆ 1949ರವರೆಗೆ ಕಾಯಬೇಕಾಯಿತು. ಆ ವರ್ಷ ಮುಂಬಯಿಯ ಶಾಸನಸಭೆಯು ಮಾಡಿದ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿ ಧಾರವಾಡದಲ್ಲಿ ನೆಲೆಗೊಂಡಿತು. ಒಂದು ಕಾಯಿದೆಯು ಬರುವುದು ಮೂವತ್ತು ವರ್ಷ ತಡವಾದರೆ ಒಂದು ತಲೆಮಾರಿನ ಬಡ ವಿದ್ಯಾರ್ಥಿಗಳು ದೂರದ ಪಟ್ಟಣವನ್ನು ಸೇರಲಾರದೆ ಓದನ್ನು ನಿಲ್ಲಿಸುತ್ತಾರೆಂಬುದಕ್ಕೆ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆಸ್ಪತ್ರೆಯೂ ವಿದ್ಯಾಲಯವೂ ಒಂದೇ ಆಗಿರುವ ಮತ್ತೊಂದು ಸಂಸ್ಥೆಯ ಕಥೆಯು ಇನ್ನೂ ಬೋಧಪ್ರದವಾಗಿದೆ. ಬೆಂಗಳೂರಿನ ಹಳೆಯ ಹುಚ್ಚರ ಆಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ರೋಗಗಳ ಆಸ್ಪತ್ರೆಯೆಂಬ ಗೌರವದ ಹೆಸರನ್ನು ಕೊಟ್ಟಿತು. 1954ರಲ್ಲಿ ಅದರ ಪಕ್ಕದಲ್ಲಿ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಶಿಕ್ಷಣ ಸಂಸ್ಥೆಯು ಏರ್ಪಟ್ಟಿತು. 1974ರಲ್ಲಿ ರಾಜ್ಯದ ಆಸ್ಪತ್ರೆಯನ್ನೂ ಕೇಂದ್ರದ ಸಂಸ್ಥೆಯನ್ನೂ ಕೂಡಿಸಿ ನಿಮ್ಹಾನ್ಸ್ ಎಂಬ ಒಂದೇ ಸಂಸ್ಥೆಯನ್ನು ಮಾಡಿದರು. 2012ರ ಕಾಯಿದೆಯು ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂದು ಸಾರಿತು. ರೋಗಿಯ ಶುಶ್ರೂಷೆಯೂ ವೈದ್ಯರ ಶಿಕ್ಷಣವೂ ಒಂದೇ ಆವರಣದಲ್ಲಿ ನಡೆಯಲು ಕಾಯಿದೆಯು ಹಾದಿ ಮಾಡಿತು. ಎರಡು ಬೊಕ್ಕಸಗಳ ಹಣವು ಅದನ್ನು ಪೋಷಿಸಿತು. ಇಂದು ಯಾವುದೋ ಹಳ್ಳಿಯ ತಾಯಿಯೊಬ್ಬಳು ಮನೋರೋಗದ ಮಗನನ್ನು ಕರೆದುಕೊಂಡು ನಂಬಿಕೆಯಿಂದ ಅಲ್ಲಿಗೆ ಬರುತ್ತಾಳೆಂದರೆ, ಅದರ ಹಿಂದೆ ಇಷ್ಟು ಕಾಲದ ಲೆಕ್ಕವಿದೆ.

ಇನ್ನು ಹೊಣೆಯು ಯಾರದೆಂಬ ಪ್ರಶ್ನೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯದ ಪಟ್ಟಿಗೆ ಸೇರಿವೆ. ಶಿಕ್ಷಣವೂ ಮೊದಲು ರಾಜ್ಯದ ಪಟ್ಟಿಯಲ್ಲಿಯೇ ಇದ್ದಿತು. 1976ರ 42ನೆಯ ತಿದ್ದುಪಡಿಯು ಅದನ್ನು ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಸಮಾನವಾದ ಪಟ್ಟಿಗೆ ಸೇರಿಸಿತು. ಅಂದಿನಿಂದ ನಿಯಮಗಳನ್ನು ವಿಧಿಸುವ ಕೈಗಳು ಎರಡಾದವು. ಸಂಬಳವನ್ನು ಕೊಡುವ ಭಾರವು ಹೆಚ್ಚಾಗಿ ರಾಜ್ಯದ ಮೇಲೆಯೇ ಉಳಿಯಿತು. ಅಧ್ಯಾಪಕನ ಅರ್ಹತೆಯನ್ನು 1956ರ ಕಾಯಿದೆಯಿಂದ ಏರ್ಪಟ್ಟ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ದೆಹಲಿಯಲ್ಲಿ ಗೊತ್ತುಮಾಡುತ್ತದೆ. ಆ ಅರ್ಹತೆಗೆ ತಕ್ಕ ವೇತನವನ್ನು ರಾಜ್ಯದ ಬೊಕ್ಕಸವು ಹುಡುಕಬೇಕಾಗುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಂತಹ ಕೇಂದ್ರದ ಯೋಜನೆಗಳಲ್ಲಿ ನಮ್ಮಂತಹ ರಾಜ್ಯಗಳಿಗೆ ವೆಚ್ಚದ ಹಂಚಿಕೆಯು ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂದಿದೆ. ರಾಜ್ಯವು ತನ್ನ ನಲವತ್ತನ್ನು ಹೊಂದಿಸಲು ತಡಮಾಡಿದರೆ ಕೇಂದ್ರದ ಅರವತ್ತೂ ತಡೆದು ನಿಲ್ಲುತ್ತದೆ. ಮದುವೆಯ ಖರ್ಚನ್ನು ಇಬ್ಬರು ಅಣ್ಣತಮ್ಮಂದಿರು ಹಂಚಿಕೊಂಡಾಗ ಒಬ್ಬನು ತಡಮಾಡಿದರೆ ಚಪ್ಪರವೇ ಏಳದಿರುವಂತೆ ಇದೂ ಆಗುತ್ತದೆ.

ಹಣವು ಎಷ್ಟಿರಬೇಕೆಂಬುದನ್ನು ತಿಳಿದವರು ಹೇಳದೆ ಇಲ್ಲ. 1964ರಿಂದ 1966ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ದೇಶದ ವರಮಾನದಲ್ಲಿ ನೂರಕ್ಕೆ 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2020ರ ವೇಳೆಗೆ ರಾಜ್ಯಗಳು ತಮ್ಮ ಬಜೆಟ್ಟಿನಲ್ಲಿ ನೂರಕ್ಕೆ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೊಡಬೇಕೆಂದು ಗುರಿಯನ್ನಿಟ್ಟಿತು. 2025ನೆಯ ಮಾರ್ಚಿಯಲ್ಲಿ ಮಂಡಿಸಿದ ಕರ್ನಾಟಕದ ಬಜೆಟ್ಟಿನ ಗಾತ್ರವು 4,09,549 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ಇಟ್ಟದ್ದು ಸುಮಾರು 17,500 ಕೋಟಿ. ಎಂದರೆ ನೂರಕ್ಕೆ 4ರ ಆಸುಪಾಸು. ಶಿಕ್ಷಣಕ್ಕೆ ಅದಕ್ಕಿಂತ ಹೆಚ್ಚು ಸಂದಿತಾದರೂ, ಆ ಹಣದಲ್ಲಿ ದೊಡ್ಡ ಪಾಲು ನ್ಯಾಯವಾಗಿಯೇ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಹೋಗುತ್ತದೆ. ವಿಶ್ವವಿದ್ಯಾನಿಲಯಗಳು ಉಳಿದದ್ದರಲ್ಲಿ ಪಾಲು ಬೇಡಬೇಕು.

ಸರ್ಕಾರಕ್ಕೂ ಕಷ್ಟಗಳಿಲ್ಲವೆಂದು ನಾವು ಹೇಳುವುದಿಲ್ಲ. ಮಿತಿಮೀರಿ ಸಾಲಮಾಡಬಾರದೆಂದು ಕರ್ನಾಟಕವು 2002ರಲ್ಲಿ, ಮಿಕ್ಕೆಲ್ಲ ರಾಜ್ಯಗಳಿಗಿಂತ ಮೊದಲು, ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿಕೊಂಡಿತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಕಾಯಿದೆಯ ರೂಪದಲ್ಲಿ ಬರೆದಂತಾಯಿತು, ಒಳ್ಳೆಯದೇ. ಆದರೆ ಹಾಸಿಗೆಯು ಚಿಕ್ಕದಾದಾಗ ಮಡಿಸುವುದು ಯಾರ ಕಾಲನ್ನು ಎಂಬುದೇ ಪ್ರಶ್ನೆ. ಬಡ್ಡಿಯನ್ನು ನಿಲ್ಲಿಸುವಂತಿಲ್ಲ, ನಿವೃತ್ತರ ವೇತನವನ್ನು ತಡೆಯುವಂತಿಲ್ಲ, ಕೆಲಸದಲ್ಲಿರುವವರ ಸಂಬಳವನ್ನು ಕಡಿಯುವಂತಿಲ್ಲ. ಗದ್ದಲವಿಲ್ಲದೆ ಉಳಿತಾಯ ಮಾಡಲು ಒಂದೇ ಹಾದಿ ಉಳಿಯುತ್ತದೆ: ಖಾಲಿಯಾದ ಹುದ್ದೆಯನ್ನು ತುಂಬದಿರುವುದು. ಪ್ರಾಧ್ಯಾಪಕರು ನಿವೃತ್ತರಾದರೆ ಅವರ ಕುರ್ಚಿಯು ಹಾಗೆಯೇ ಉಳಿಯುತ್ತದೆ. ಪಾಠಕ್ಕೆ ಅತಿಥಿ ಉಪನ್ಯಾಸಕರನ್ನು ಕರೆಯುತ್ತಾರೆ. ಅವರು ಓದಿದವರೇ, ಶ್ರಮಪಡುವವರೇ. ಆದರೆ ಮುಂದಿನ ವರ್ಷ ಇರುತ್ತೇವೆಯೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಗುರುವು ಶಿಷ್ಯನ ಐದು ವರ್ಷದ ಸಂಶೋಧನೆಯನ್ನು ಹೇಗೆ ನಡೆಸಿಯಾನು?

ಆಸ್ಪತ್ರೆಯಲ್ಲಿಯೂ ಇದೇ ರೀತಿ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಯಮ. ಕಟ್ಟಡವನ್ನು ಒಮ್ಮೆ ಕಟ್ಟಿದರೆ ಮುಗಿಯಿತು. ಅದರ ಮುಂದೆ ಕಲ್ಲಿನ ಮೇಲೆ ಹೆಸರುಗಳನ್ನೂ ಕೆತ್ತಿಸಬಹುದು. ವೈದ್ಯ, ದಾದಿ, ಔಷಧ ಕೊಡುವವರು, ರಕ್ತ ಪರೀಕ್ಷಿಸುವವರು, ಇವರಿಗೆ ಮಾತ್ರ ಪ್ರತಿ ತಿಂಗಳೂ ಹಣ ಬೇಕು. ನಮ್ಮ ಕಿರಾಣಿ ಅಂಗಡಿಯ ಯಜಮಾನರ ತಾಯಿಯವರು ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ಕೇಂದ್ರಕ್ಕೆ ಹೋಗುತ್ತಾರೆನ್ನಿ. ಮಾತ್ರೆಯು ಬರುವುದು ಸರ್ಕಾರದ ಔಷಧ ಖರೀದಿಯ ಸಂಸ್ಥೆಯಿಂದ. ಆ ಖರೀದಿಯು ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆಯ ಕಾಯಿದೆಯ ಟೆಂಡರಿನಂತೆ. ಮೋಸವನ್ನು ತಡೆಯಲು ಆ ಕಾಯಿದೆಯು ಬೇಕೇ ಬೇಕು. ಆದರೆ ಅನುದಾನವು ತಡವಾದರೆ ಟೆಂಡರು ತಡ, ಟೆಂಡರು ತಡವಾದರೆ ಮಾತ್ರೆ ತಡ. ಮುದುಕಿಯ ರಕ್ತದೊಳಗಿನ ಸಕ್ಕರೆಯು ಟೆಂಡರಿಗಾಗಿ ಕಾಯುವುದಿಲ್ಲ. ಮಗನು ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾತ್ರೆಯನ್ನು ತರುತ್ತಾನೆ. ಆ ದುಡ್ಡು ಸರ್ಕಾರದ ಯಾವ ಬಜೆಟ್ಟಿನಲ್ಲಿಯೂ ಕಾಣುವುದಿಲ್ಲ. ಮನೆಯ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಹೀಗೆ ಮನೆಗಳಿಂದಲೇ ಹೋಗುವ ದುಡ್ಡು ಎಷ್ಟೆಂಬುದಕ್ಕೆ ದೇಶದ ಲೆಕ್ಕವೊಂದಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ಆರೋಗ್ಯಕ್ಕಾಗಿ ದೇಶದಲ್ಲಿ ಆದ ಒಟ್ಟು ವೆಚ್ಚದಲ್ಲಿ ನೂರಕ್ಕೆ 64.2 ಭಾಗವು ಜನರ ಜೇಬಿನಿಂದಲೇ ಹೋಗಿತ್ತು. 2021-22ರ ವೇಳೆಗೆ ಅದು 39.4ಕ್ಕೆ ಇಳಿಯಿತು; ಅದೇ ಅವಧಿಯಲ್ಲಿ ಸರ್ಕಾರಗಳ ಪಾಲು 28.6ರಿಂದ 48ಕ್ಕೆ ಏರಿತು. ಬೊಕ್ಕಸದಿಂದ ಹೆಚ್ಚು ಹೊರಟರೆ ಮನೆಯಿಂದ ಹೊರಡುವುದು ತಗ್ಗುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣವು ಬೇಕಾಗಿಲ್ಲ. ಆದರೂ ನೂರಕ್ಕೆ 39 ಎಂಬುದು ಬಡವನಿಗೆ ಸಣ್ಣ ಹೊರೆಯಲ್ಲ.

ನಮ್ಮ ರಾಜ್ಯವು ಈ ಹೊರೆಯನ್ನು ಇಳಿಸಲು ಮಾಡಿದ ಪ್ರಯತ್ನಗಳನ್ನು ಮರೆಯಬಾರದು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ರೈತರಿಗೆ ಅಲ್ಪ ವಂತಿಗೆಯಿಂದ ಶಸ್ತ್ರಚಿಕಿತ್ಸೆಯನ್ನು ದೊರಕಿಸಿತು. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿ, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಭರವಸೆಯನ್ನು ಕೊಟ್ಟಿತು. ಹೃದಯದ ಶಸ್ತ್ರಚಿಕಿತ್ಸೆಯಂತಹ ದೊಡ್ಡ ಗಂಡಾಂತರದಲ್ಲಿ ಇಂತಹ ಯೋಜನೆಗಳು ಸಂಸಾರಗಳನ್ನು ಉಳಿಸುತ್ತವೆ. ಆದರೆ ಅವು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ ಸಲ್ಲುತ್ತವೆ. ದಿನದಿನದ ಮಾತ್ರೆಗೆ, ತಿಂಗಳಿಗೊಮ್ಮೆಯ ಪರೀಕ್ಷೆಗೆ ಅಲ್ಲ. ಅದಕ್ಕೆ ಹತ್ತಿರದ ಸರ್ಕಾರಿ ದವಾಖಾನೆಯೇ ಗಟ್ಟಿಯಾಗಿರಬೇಕು. ಚಿಕಿತ್ಸೆಯ ಬಿಲ್ಲನ್ನು ತೀರಿಸುವುದೂ ದವಾಖಾನೆಯನ್ನು ಕಟ್ಟಿ ನಡೆಸುವುದೂ ಬೇರೆಬೇರೆ. ಮೊದಲನೆಯದಕ್ಕೆ ಹಣವಿಟ್ಟು ಎರಡನೆಯದನ್ನು ಮರೆತರೆ, ಇಂದು ತಡೆಯಬಹುದಾಗಿದ್ದ ರೋಗಕ್ಕೆ ನಾಳೆ ದೊಡ್ಡ ಬಿಲ್ಲನ್ನು ತೆರಬೇಕಾಗುತ್ತದೆ.

ಈಗ ಹಿರಿಯ ಮಗಳ ವಿಚಾರಕ್ಕೆ ಬರೋಣ. ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಧಾರವಾಡದ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದಿತ್ತು. 2022ರಲ್ಲಿ ಶಾಸನಸಭೆಯು 2000ದ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆಗೆ ತಿದ್ದುಪಡಿಯನ್ನು ಮಾಡಿ ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ, ಬಾಗಲಕೋಟೆ, ಬೀದರ್ ಎಂಬ ಏಳು ಹೊಸ ವಿಶ್ವವಿದ್ಯಾನಿಲಯಗಳನ್ನು ಹುಟ್ಟಿಸಿತು. ಹಾವೇರಿಯ ಕೇಂದ್ರದಂತೆಯೇ ಹಾಸನದ ಹೇಮಗಂಗೋತ್ರಿಯೂ ಕೊಡಗಿನ ಚಿಕ್ಕ ಅಳುವಾರದ ಕೇಂದ್ರವೂ ಒಂದೇ ಕಾಯಿದೆಯಿಂದ ಸ್ವತಂತ್ರ ವಿಶ್ವವಿದ್ಯಾನಿಲಯಗಳಾದವು. ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಬಹುದಾದ ದೂರದಲ್ಲಿ ವಿಶ್ವವಿದ್ಯಾನಿಲಯವಿದ್ದರೆ, ಹಾಸ್ಟೆಲಿನ ಖರ್ಚಿಗೆ ಅಂಜುವ ತಂದೆಯು ಮಗಳನ್ನು ಓದಿಸಲು ಒಪ್ಪುತ್ತಾನೆ. ಈ ದೃಷ್ಟಿಯಿಂದ ಉದ್ದೇಶವು ಸ್ತುತ್ಯವಾದದ್ದೇ.

ಆದರೆ ಕಾಯಿದೆಯು ಹೆಸರನ್ನು ಬದಲಾಯಿಸಿದಷ್ಟು ಬೇಗ ಬಜೆಟ್ಟು ಅಧ್ಯಾಪಕರನ್ನೂ ಪ್ರಯೋಗಶಾಲೆಗಳನ್ನೂ ಒದಗಿಸಲಿಲ್ಲ. ಇಲ್ಲಿ ಹಣದ ಒಂದು ಒಳಗುಟ್ಟನ್ನು ವಾಚಕರು ತಿಳಿಯಬೇಕು. ಸರ್ಕಾರದ ಅನುದಾನವಲ್ಲದೆ ವಿಶ್ವವಿದ್ಯಾನಿಲಯಕ್ಕಿರುವ ಸ್ವಂತ ವರಮಾನವು ಬಹುಪಾಲು ಅದರ ಆಶ್ರಯದಲ್ಲಿರುವ ಕಾಲೇಜುಗಳ ಸಂಯೋಜನೆಯ ಶುಲ್ಕ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಇವುಗಳಿಂದ ಬರುತ್ತದೆ. ಒಂದು ವಿಶ್ವವಿದ್ಯಾನಿಲಯವನ್ನು ಒಡೆದು ಎರಡು ಮಾಡಿದಾಗ ಕಾಲೇಜುಗಳು ಹಂಚಿಹೋಗುತ್ತವೆ. ಧಾರವಾಡದ ವಿಶ್ವವಿದ್ಯಾನಿಲಯದಿಂದ 1980ರಲ್ಲಿ ಗುಲಬರ್ಗವೂ, 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾನಿಲಯವೂ, ಅನಂತರ ಹಾವೇರಿಯೂ ಬೇರೆಯಾದವು. ಹಿಸೆಯಾದ ಮನೆಯಲ್ಲಿ ಹೊಲವು ಹಂಚಿಹೋದರೂ ಹಳೆಯ ಸಾಲವೂ ಹಿರಿಯರ ಪೋಷಣೆಯೂ ದೊಡ್ಡ ಮಗನ ಮೇಲೆಯೇ ಉಳಿಯುವಂತೆ, ಹಳೆಯ ವಿಶ್ವವಿದ್ಯಾನಿಲಯದ ಮೇಲೆ ಅಷ್ಟೇ ಸಂಬಳ, ಅಷ್ಟೇ ನಿವೃತ್ತಿವೇತನದ ಹೊಣೆಯು ಉಳಿಯುತ್ತದೆ. ವರಮಾನ ಮಾತ್ರ ತಗ್ಗುತ್ತದೆ. ಹೊಸದಕ್ಕೆ ಕಾಲೇಜುಗಳು ಕೆಲವೇ; ಆದರೆ ಉಪಕುಲಪತಿ, ಕುಲಸಚಿವ, ಕಚೇರಿ ಇವೆಲ್ಲವೂ ಪೂರ್ತಿಯಾಗಿ ಬೇಕು. ಸರ್ಕಾರವು ಆ ಕೊರತೆಯನ್ನು ತುಂಬಿಕೊಡದಿದ್ದರೆ ತಾಯಿಯೂ ಸೊರಗುತ್ತಾಳೆ, ಮಗುವೂ ಸೊರಗುತ್ತದೆ.

ಹಾಗೆಯೇ ಆಯಿತು. 2025ನೆಯ ಫೆಬ್ರವರಿಯಲ್ಲಿ ಸಚಿವಸಂಪುಟದ ಉಪಸಮಿತಿಯು ಹೊಸ ವಿಶ್ವವಿದ್ಯಾನಿಲಯಗಳ ಸ್ಥಿತಿಯನ್ನು ಪರಿಶೀಲಿಸುತ್ತ, ಬೀದರನ್ನು ಬಿಟ್ಟು ಒಂಬತ್ತನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸುವ ವಿಚಾರವನ್ನು ಎತ್ತಿತು. ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಪ್ರತಿಭಟಿಸಿದರು. ಮುಚ್ಚಬೇಕೆಂದವರೂ ಉಳಿಸಬೇಕೆಂದವರೂ ತಮ್ಮತಮ್ಮ ಕಾರಣಗಳನ್ನು ಹೇಳಿದರು. ಎರಡು ಪಕ್ಷದಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿತ್ತು. ನಮಗೆ ತೋರುವುದಿಷ್ಟು. ಮಸೂದೆಯನ್ನು ಮಂಡಿಸಿದ ದಿನವೇ ಮುಂದಿನ ಹತ್ತು ವರ್ಷಗಳ ವೆಚ್ಚವೆಷ್ಟು, ಅದು ಎಲ್ಲಿಂದ ಬರುವುದು ಎಂಬ ಲೆಕ್ಕವನ್ನು ಸಭೆಯ ಮುಂದೆ ಇಟ್ಟು ಸಾವಧಾನವಾಗಿ ಚರ್ಚಿಸಿದ್ದರೆ, ಮೂರು ವರ್ಷಗಳೊಳಗೆ ಇಂತಹ ಪ್ರಸಂಗವು ಒದಗುತ್ತಿರಲಿಲ್ಲ. ತೊಟ್ಟಿಲನ್ನು ತೂಗುವ ಮುಂಚೆ ಹಾಲಿನ ಏರ್ಪಾಡನ್ನು ಮಾಡಬೇಕು. ಅದಿಲ್ಲದೆ ಹೋದುದರಿಂದ, ತಾನು ಪಡೆಯುವ ಪದವಿಯ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರು ಇರುವುದೋ ಎಂಬ ಕಳವಳದಲ್ಲಿ ವಿದ್ಯಾರ್ಥಿನಿಯರು ಪರೀಕ್ಷೆಗೆ ಓದಬೇಕಾಯಿತು.

ಕಿರಿಯ ಮಗನ ಹಂಬಲವು ವೈದ್ಯಶಿಕ್ಷಣ. ವಿಶ್ವವಿದ್ಯಾನಿಲಯವೂ ಆಸ್ಪತ್ರೆಯೂ ಕೂಡುವ ಈ ಸ್ಥಳದಲ್ಲಿ ಕಾಯಿದೆಯ ಶಕ್ತಿಯೂ ಅದರ ಮಿತಿಯೂ ಚೆನ್ನಾಗಿ ಕಾಣುತ್ತವೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಹುಟ್ಟಿದ ಮೇಲೆ ನಮ್ಮ ನಾಡಿನಲ್ಲಿ ಅಂತಹ ಕಾಲೇಜುಗಳು ಬೆಳೆದವು. ಸರ್ಕಾರವು ತನ್ನ ಹಣದಿಂದ ತೆರೆದ ಸ್ಥಾನಗಳು ಸಾಲದಾದಾಗ ಬೇಡಿಕೆಯು ಅತ್ತ ಹರಿಯಿತು. ತಲೆಗಂದಾಯದ ಪಿಡುಗು ಹುಟ್ಟಿತು. ಅದನ್ನು ನಿಷೇಧಿಸಿ 1984ರಲ್ಲಿ ಕರ್ನಾಟಕವು ಕಾಯಿದೆಯನ್ನು ಮಾಡಿತು. ಆದರೂ ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ಖಾಸಗಿ ಕಾಲೇಜಿನಲ್ಲಿ ನಮ್ಮ ರಾಜ್ಯದವರಿಗೆ 25,000, ಹೊರಗಿನವರಿಗೆ 60,000 ಎಂಬ ಶುಲ್ಕಗಳನ್ನು ಆ ಕಾಯಿದೆಯ ಅಡಿಯಲ್ಲಿಯೇ ಗೊತ್ತುಮಾಡಿದ್ದರು. ಉತ್ತರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಇಂತಹ ಹೆಚ್ಚಿನ ಶುಲ್ಕವು ತಲೆಗಂದಾಯವೇ ಸರಿಯೆಂದು ತೀರ್ಪಿತ್ತಿತು. 1993ರಲ್ಲಿ ಮತ್ತೊಂದು ತೀರ್ಪು, 2002ರಲ್ಲಿ ಇನ್ನೊಂದು ತೀರ್ಪು, 2006ರಲ್ಲಿ ರಾಜ್ಯದ ಮತ್ತೊಂದು ಕಾಯಿದೆ, ಹೀಗೆ ನಿಯಮಗಳು ಬದಲಾಗುತ್ತ ಬಂದವು. ಇವುಗಳಿಂದ ಪ್ರಯೋಜನವಾಗಲಿಲ್ಲವೆಂದಲ್ಲ. ಆದರೆ ಕಾಯಿದೆಯು ಶುಲ್ಕಕ್ಕೆ ಕಡಿವಾಣ ಹಾಕಬಲ್ಲುದೇ ಹೊರತು ಒಂದು ಸ್ಥಾನವನ್ನೂ ಸೃಷ್ಟಿಸಲಾರದು. ಅದನ್ನು ಸೃಷ್ಟಿಸುವುದು ಹಣ. ರೋಗಿಗಳಿರುವ ಆಸ್ಪತ್ರೆ, ಕಲಿಸುವ ವೈದ್ಯರು, ಶವಪರೀಕ್ಷೆಯ ಕೊಠಡಿ, ಗ್ರಂಥಭಂಡಾರ ಇವುಗಳಿಗೆ ವರ್ಷವರ್ಷವೂ ಒದಗುವ ಹಣ.

ವೈದ್ಯನಾದ ಮೇಲಿನ ಕಥೆಯೂ ಇಂತಹುದೇ. ವೈದ್ಯಕೀಯ ಪದವೀಧರರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಸೇವೆ ಮಾಡಬೇಕೆಂದು 2012ರ ಕಾಯಿದೆಯು ವಿಧಿಸಿತು. ಬಡವರ ತೆರಿಗೆಯಿಂದ ಕಲಿತವನು ಹಳ್ಳಿಗೆ ಒಂದು ವರ್ಷವನ್ನು ಕೊಡಬೇಕೆಂಬುದು ನ್ಯಾಯವೇ. ಆದರೆ ಹಾಗೆ ಬಂದವನಿಗೆ ವೇತನ, ವಸತಿ, ಉಪಕರಣ ಇವುಗಳನ್ನು ಬಜೆಟ್ಟು ಒದಗಿಸಬೇಕು. ಇಲ್ಲದಿದ್ದರೆ ವೈದ್ಯನಿಗೆ ಅದು ಶಿಕ್ಷೆಯ ವರ್ಷವಾಗುತ್ತದೆ; ಹಳ್ಳಿಗೆ ಬರಿಯ ಹಾಜರಿಯ ಪುಸ್ತಕವೇ ಗತಿಯಾಗುತ್ತದೆ.

ನಾಡಿನ ಎಲ್ಲ ಭಾಗಗಳಿಗೂ ಈ ಕೊರತೆಯು ಒಂದೇ ಸಮನಾಗಿಲ್ಲ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ವರದಿ ಮಾಡಿತು. ಹತ್ತು ವರ್ಷಗಳ ಮೇಲೆ ಸಂವಿಧಾನಕ್ಕೆ 371ಜೆ ಎಂಬ ಅನುಚ್ಛೇದವು ಸೇರಿ, ಅಂದಿನ ಹೈದರಾಬಾದು ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಲಿಯೂ, ಅಲ್ಲಿಯ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯ ಮಕ್ಕಳಿಗೆ ಮೀಸಲು ಸ್ಥಾನಗಳೂ ದೊರೆತವು. ರಾಯಚೂರಿನ ಅಥವಾ ಯಾದಗಿರಿಯ ಬಡ ಹುಡುಗನೊಬ್ಬನು ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನು ಹತ್ತಲು ಈ ವಿಧಿಯು ನೆರವಾಗುತ್ತದೆ. ಕಾಯಿದೆಯನ್ನು ನಾವು ಅಲ್ಲಗಳೆಯುತ್ತಿಲ್ಲವೆಂಬುದಕ್ಕೆ ಇದನ್ನು ಹೇಳಿದೆವು. ಕಾಯಿದೆಯು ಬಾಗಿಲನ್ನು ತೆರೆಯುತ್ತದೆ. ಒಳಗೆ ದೀಪವಿರಬೇಕೆಂಬುದೇ ನಮ್ಮ ಬೇಡಿಕೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಬಜೆಟ್ಟಿನ ದಪ್ಪ ಸಂಪುಟಗಳನ್ನೆಲ್ಲ ಓದಬೇಕೆಂದು ನಾವು ಹೇಳುವುದಿಲ್ಲ. ಮನೆಯ ಲೆಕ್ಕವನ್ನು ನೋಡುವ ಕಣ್ಣಿನಿಂದಲೇ ಮೂರು ನಾಲ್ಕು ಸಂಗತಿಗಳನ್ನು ನೋಡಿದರೆ ಸಾಕು. ಮೊದಲನೆಯದಾಗಿ, ಕಳೆದ ವರ್ಷ ಹೇಳಿದ್ದೆಷ್ಟು, ನಿಜವಾಗಿ ವೆಚ್ಚವಾದದ್ದೆಷ್ಟು? ಆಯವ್ಯಯಪತ್ರದಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಲೆಕ್ಕ ಎಂಬ ಅಂಕಣಗಳು ಇದಕ್ಕಾಗಿಯೇ ಇವೆ. ಎರಡನೆಯದಾಗಿ, ಕೊಟ್ಟ ಹಣದಲ್ಲಿ ಕಟ್ಟಡಕ್ಕೆಷ್ಟು, ಜನಕ್ಕೆಷ್ಟು? ಮೂರನೆಯದಾಗಿ, ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ, ನಮ್ಮ ಜಿಲ್ಲೆಯ ವಿಶ್ವವಿದ್ಯಾನಿಲಯದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು? 2005ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ಹತ್ತು ರೂಪಾಯಿಯ ಅರ್ಜಿಯಿಂದ ಯಾವ ನಾಗರಿಕನಾದರೂ ಇದನ್ನು ಕೇಳಬಹುದು. ನಾಲ್ಕನೆಯದಾಗಿ, ಹೊಸ ಸಂಸ್ಥೆಯ ಘೋಷಣೆಯಾದಾಗ ಚಪ್ಪಾಳೆ ತಟ್ಟುವುದಕ್ಕೆ ಮುಂಚೆ, ಅದರ ಮೂರನೆಯ ವರ್ಷದ ಖರ್ಚಿಗೆ ಏರ್ಪಾಡೇನೆಂದು ಶಾಸಕರನ್ನು ಕೇಳಬೇಕು.

ಮತ ಕೇಳಲು ಮನೆಗೆ ಬಂದವರನ್ನು ನಾವು ರಸ್ತೆಯನ್ನು ಕೇಳುತ್ತೇವೆ, ನೀರನ್ನು ಕೇಳುತ್ತೇವೆ. ಅವು ಕಣ್ಣಿಗೆ ಕಾಣುವ ಕೊರತೆಗಳು. ಪಾಠವಿಲ್ಲದ ಅವಧಿಯೂ ವೈದ್ಯರಿಲ್ಲದ ಕೋಣೆಯೂ ಬೀದಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ಅವು ಮನೆಯೊಳಗಿನ ದುಃಖಗಳಾಗಿ ಉಳಿಯುತ್ತವೆ. ಹಾವೇರಿಯ ಆ ಸಂಸಾರದಲ್ಲಿ ಮಗಳು ಎಂ.ಎಸ್‌ಸಿ. ಮುಗಿಸುವಳೋ, ಮಗನಿಗೆ ಸರ್ಕಾರಿ ಸ್ಥಾನವು ಸಿಕ್ಕುವುದೋ, ಅಜ್ಜಿಗೆ ಮಾತ್ರೆಯು ತಪ್ಪದೆ ದೊರೆಯುವುದೋ ಎಂಬುದು ಆ ಯಜಮಾನರ ದುಡಿಮೆಯೊಂದನ್ನೇ ಅವಲಂಬಿಸಿಲ್ಲ. ಮುಂದಿನ ಬಾರಿ ಬಜೆಟ್ಟಿನ ಸುದ್ದಿಯು ಬಂದ ದಿನ, ಎಣ್ಣೆಯ ಬೆಲೆಯನ್ನು ನೋಡಿದ ಮೇಲೆ ಪತ್ರಿಕೆಯನ್ನು ಮಡಿಸದೆ, ವಿದ್ಯೆ ಮತ್ತು ಆರೋಗ್ಯದ ಸಾಲುಗಳನ್ನೂ ಒಮ್ಮೆ ಓದಿ, ಮನೆಯವರೊಡನೆ ಕುಳಿತು ಮಾತನಾಡಬೇಕೆಂದು ನಮ್ಮ ವಾಚಕರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ.